ಆದಾಯ ತೆರಿಗೆ: ಮನೆ ಮಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಲೆಕ್ಕವೆಲ್ಲ 2025-26ನೇ ಹಣಕಾಸು ವರ್ಷದ್ದು. ಅಂದರೆ 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗೆ ಕೈಗೆ ಬಂದ ಆದಾಯದ್ದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಆದರೆ 2025-26ರ ಆದಾಯಕ್ಕೆ 1961ರ ಕಾಯ್ದೆಯೇ ಅನ್ವಯ. ಹಾಗಾಗಿ 80ಸಿ (ಉಳಿತಾಯ, ವಿಮೆಗೆ ಸಿಗುವ ಕಡಿತ), 87ಎ (ತೆರಿಗೆಯಲ್ಲೇ ಸಿಗುವ ರಿಯಾಯಿತಿ) ಎಂದು ಎಲ್ಲರ ಬಾಯಲ್ಲಿರುವ ಹೆಸರುಗಳನ್ನೇ ಇಟ್ಟುಕೊಂಡಿದ್ದೇವೆ.

ಓದುವ ಮುನ್ನ ಒಂದು ಮಾತು. ತೆರಿಗೆ ಬೀಳುವುದು ಪ್ಯಾನ್ ಮೇಲೆ, ಮನೆಯ ಮೇಲಲ್ಲ. ಗಂಡ ಹೆಂಡಿರ ದುಡ್ಡು ಮನೆಯಲ್ಲಿ ಒಂದೇ ಡಬ್ಬಿಯಲ್ಲಿದ್ದರೂ ಇಲಾಖೆಯ ಕಣ್ಣಿಗೆ ಅದು ಎರಡು ಲೆಕ್ಕ. ಕೆಳಗಿನ ಅರ್ಧಕ್ಕರ್ಧ ಪ್ರಶ್ನೆಗಳು ಇದನ್ನು ಮರೆತದ್ದರಿಂದಲೇ ಹುಟ್ಟಿದವು.

## ಮೊದಲು ತಿಳಿದಿರಬೇಕಾದದ್ದು

12 ಲಕ್ಷದವರೆಗೆ ಟ್ಯಾಕ್ಸೇ ಇಲ್ಲ ಅಂದಮೇಲೆ ರಿಟರ್ನ್ ಯಾಕೆ ಹಾಕಬೇಕು?

ತೆರಿಗೆ ಇಲ್ಲದಿರುವುದು ಬೇರೆ, ರಿಟರ್ನ್ ಬೇಡದಿರುವುದು ಬೇರೆ. ಹೊಸ ಪದ್ಧತಿಯಲ್ಲಿ (ಇಲ್ಲಿ ದರ ಕಡಿಮೆ, ಕಡಿತಗಳೂ ಕಡಿಮೆ; ಹಳೆಯದರಲ್ಲಿ ಎರಡೂ ಹೆಚ್ಚು) ಮೂಲ ವಿನಾಯಿತಿ ಇರುವುದು 4 ಲಕ್ಷಕ್ಕೆ ಮಾತ್ರ. ಅಲ್ಲಿಂದ 12 ಲಕ್ಷದವರೆಗೆ ತೆರಿಗೆ ಲೆಕ್ಕ ಹಾಕಿ, ಆಮೇಲೆ 87ಎ ರಿಬೇಟ್ ಕೊಟ್ಟು ಸೊನ್ನೆ ಮಾಡುತ್ತಾರೆ. ಆ ರಿಬೇಟ್ ಪಡೆಯುವ ಜಾಗವೇ ರಿಟರ್ನ್. ಆದ್ದರಿಂದ ಆದಾಯ 4 ಲಕ್ಷ ದಾಟಿದವರು ರಿಟರ್ನ್ ಹಾಕಲೇಬೇಕು.

ಆದಾಯ ಅದಕ್ಕಿಂತ ಕಡಿಮೆಯಿದ್ದರೂ ಕೆಲವರಿಗೆ ಕಡ್ಡಾಯ: ವಿದೇಶ ಪ್ರವಾಸಕ್ಕೆ ವರ್ಷದಲ್ಲಿ 2 ಲಕ್ಷಕ್ಕಿಂತ ಹೆಚ್ಚು ಖರ್ಚು ಮಾಡಿದವರು, ವರ್ಷದ ಕರೆಂಟ್ ಬಿಲ್ 1 ಲಕ್ಷ ದಾಟಿದವರು, ಉಳಿತಾಯ ಖಾತೆಗಳಿಗೆ 50 ಲಕ್ಷ ಅಥವಾ ಹೆಚ್ಚು ಜಮಾ ಮಾಡಿದವರು, 25,000 ಅಥವಾ ಹೆಚ್ಚು ಟಿಡಿಎಸ್ (ಹಣ ಕೊಡುವವರೇ ಮೊದಲು ಹಿಡಿಯುವ ತೆರಿಗೆ) ಕಡಿತವಾದವರು (ಹಿರಿಯ ನಾಗರಿಕರಿಗೆ ಇದು 50,000).

ಸಂಬಳ 12.75 ಲಕ್ಷಕ್ಕಿಂತ ಒಂದು ರೂಪಾಯಿ ಜಾಸ್ತಿ ಆದ್ರೂ ಪೂರ್ತಿ ಟ್ಯಾಕ್ಸ್ ಬೀಳುತ್ತಂತೆ, ಹೌದಾ?

ಇಲ್ಲ. ಮೊದಲು ದರ ನೋಡಿ. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ಸೊನ್ನೆ, 4ರಿಂದ 8 ಲಕ್ಷಕ್ಕೆ ಶೇ. 5, 8ರಿಂದ 12ಕ್ಕೆ ಶೇ. 10, 12ರಿಂದ 16ಕ್ಕೆ ಶೇ. 15, 16ರಿಂದ 20ಕ್ಕೆ ಶೇ. 20, 20ರಿಂದ 24ಕ್ಕೆ ಶೇ. 25, ಅದರ ಮೇಲೆ ಶೇ. 30. ಕೊನೆಯಲ್ಲಿ ತೆರಿಗೆಯ ಮೇಲೆ ಶೇ. 4 ಸೆಸ್.

ಸಂಬಳ 12,85,000 ಎಂದುಕೊಳ್ಳಿ. 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದವರಿಗೆ ನೇರವಾಗಿ ಸಿಗುವ ಕಡಿತ) ಕಳೆದರೆ 12,10,000. ದರದ ಪ್ರಕಾರ ತೆರಿಗೆ 61,500 ಬರುತ್ತದೆ. ಆದರೆ 12 ಲಕ್ಷದ ಮೇಲೆ ನೀವು ದುಡಿದದ್ದು 10,000 ಮಾತ್ರ, ಹಾಗಾಗಿ ತೆರಿಗೆಯೂ 10,000ಕ್ಕೆ ನಿಲ್ಲುತ್ತದೆ. ಸೆಸ್ ಸೇರಿ 10,400. ಇದಕ್ಕೆ ಮಾರ್ಜಿನಲ್ ರಿಲೀಫ್ ಎನ್ನುತ್ತಾರೆ. ತೆರಿಗೆಗೆ ಒಳಪಡುವ ಆದಾಯ ಸುಮಾರು 12.70 ಲಕ್ಷ ಮುಟ್ಟುವವರೆಗೆ ಇದು ಕೆಲಸ ಮಾಡುತ್ತದೆ, ಆಮೇಲೆ ಮಾಮೂಲಿ ದರ.

ಷೇರು, ಮ್ಯೂಚುವಲ್ ಫಂಡ್ ಲಾಭ ಇದ್ದವರು ಇಲ್ಲಿ ಎಡವುತ್ತಾರೆ. ಹೊಸ ಪದ್ಧತಿಯಲ್ಲಿ ವಿಶೇಷ ದರದ ಬಂಡವಾಳ ಲಾಭದ ತೆರಿಗೆಗೆ ರಿಬೇಟ್ ಸಿಗುವುದಿಲ್ಲ. ಒಂದು ವರ್ಷದೊಳಗೆ ಮಾರಿದ ಷೇರಿನ ಲಾಭಕ್ಕೆ ಶೇ. 20, ಒಂದು ವರ್ಷ ದಾಟಿದ್ದರೆ 1.25 ಲಕ್ಷದ ಮೇಲಿನ ಲಾಭಕ್ಕೆ ಶೇ. 12.5 ತೆರಬೇಕು.

ರಿಟರ್ನ್ ಹಾಕೋ ಮುಂಚೆ ಏನೇನು ತೆಗೆದಿಟ್ಟುಕೊಳ್ಳಬೇಕು?

ಕಂಪನಿ ಕೊಡುವ ಸಂಬಳ-ಟಿಡಿಎಸ್ ಪತ್ರವಾದ ಫಾರ್ಮ್ 16 ಒಂದನ್ನೇ ಹಿಡಿದು ಕೂರಬೇಡಿ. ಇ-ಫೈಲಿಂಗ್ ಪೋರ್ಟಲ್‌ಗೆ ಲಾಗಿನ್ ಆಗಿ ಎಐಎಸ್ ಮತ್ತು 26ಎಎಸ್ ಎರಡನ್ನೂ ಇಳಿಸಿಕೊಳ್ಳಿ. 26ಎಎಸ್‌ನಲ್ಲಿ ಕಡಿತವಾದ ತೆರಿಗೆ ಕಾಣುತ್ತದೆ. ಎಐಎಸ್‌ನಲ್ಲಿ ಉಳಿತಾಯ ಖಾತೆಯ ಬಡ್ಡಿ, ಎಫ್‌ಡಿ ಬಡ್ಡಿ, ಡಿವಿಡೆಂಡ್, ಮ್ಯೂಚುವಲ್ ಫಂಡ್ ಮಾರಾಟ, ನೋಂದಣಿಯಾದ ಆಸ್ತಿ ವ್ಯವಹಾರ, ವರ್ಷದಲ್ಲಿ 10 ಲಕ್ಷ ಮುಟ್ಟಿದ ನಗದು ಜಮಾ, ಎಲ್ಲವೂ ಸಾಲಾಗಿ ಬಂದಿರುತ್ತವೆ. ನಿಮಗೆ ಮರೆತಿರುವ ಹಳೆಯ ಖಾತೆಯ 1,840 ರೂಪಾಯಿ ಬಡ್ಡಿಯೂ ಅಲ್ಲಿರುತ್ತದೆ.

ಎಐಎಸ್‌ನಲ್ಲಿ ತಪ್ಪಿದ್ದರೆ ಆ ಸಾಲಿನ ಮೇಲೇ ಕ್ಲಿಕ್ ಮಾಡಿ ಫೀಡ್‌ಬ್ಯಾಕ್ ಕೊಡಬಹುದು. ಜಂಟಿ ಖಾತೆಯ ಬಡ್ಡಿ ಪೂರ್ತಿ ಮೊದಲ ಹೆಸರಿನವರ ಪ್ಯಾನ್‌ಗೆ ಬಂದಿರುವುದು ತೀರಾ ಸಾಮಾನ್ಯ. ದುಡ್ಡು ಯಾರದೋ ಬಡ್ಡಿ ಅವರದು ಎಂದು ಫೀಡ್‌ಬ್ಯಾಕ್ ಹಾಕಿ, ಆಮೇಲೆ ಅವರ ರಿಟರ್ನ್‌ನಲ್ಲಿ ತೋರಿಸಿ.

ಜುಲೈ 31 ದಾಟಿಹೋಯ್ತು. ಈಗ?

ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್ ಹಾಕಬಹುದು. ಆದಾಯ 5 ಲಕ್ಷ ಮೀರಿದರೆ 5,000, ಇಲ್ಲದಿದ್ದರೆ 1,000 ತಡ ಶುಲ್ಕ. ತೆರಿಗೆ ಬಾಕಿಯಿದ್ದರೆ ತಿಂಗಳಿಗೆ ಶೇ. 1 ಬಡ್ಡಿ ಬೇರೆ. ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ: ಗಡುವು ದಾಟಿದ ಮೇಲೆ ಹಳೆಯ ಪದ್ಧತಿಯನ್ನು ಆರಿಸಿಕೊಳ್ಳಲು ಬರುವುದಿಲ್ಲ. ಮನೆ ಸಾಲ, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಎಲ್ಲವನ್ನೂ ನೆಚ್ಚಿಕೊಂಡವರಿಗೆ ಈ ಒಂದು ದಿನದ ತಡ ಲಕ್ಷ ರೂಪಾಯಿಯ ವಿಷಯವಾಗಬಹುದು. ಷೇರಿನ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವ ಅವಕಾಶವೂ ಹೋಗುತ್ತದೆ.

ರಿಟರ್ನ್ ಸಲ್ಲಿಸಿ 30 ದಿನದೊಳಗೆ ಇ-ವೆರಿಫೈ ಮಾಡದಿದ್ದರೆ ಅದನ್ನೂ ತಡ ಎಂದೇ ಎಣಿಸುತ್ತಾರೆ. ಆಧಾರ್ ಓಟಿಪಿ ಹಾಕಿ ಅಲ್ಲೇ ಮುಗಿಸಿಬಿಡಿ.

## ಸಂಬಳದವರು

ಹಳೇ ರಿಜೀಮ್ ಒಳ್ಳೇದಾ, ಹೊಸಾದಾ? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಹೇಳುವುದಾದರೆ ಬಹಳ ಜನಕ್ಕೆ ಹೊಸದು. ಲೆಕ್ಕ ಹೀಗಿದೆ. ಸಂಬಳ 15 ಲಕ್ಷವಾದರೆ ಹೊಸ ಪದ್ಧತಿಯಲ್ಲಿ 14,25,000ಕ್ಕೆ ತೆರಿಗೆ 93,750, ಸೆಸ್ ಸೇರಿ 97,500. ಹಳೆಯ ಪದ್ಧತಿಯಲ್ಲೂ ಇಷ್ಟೇ ತೆರಿಗೆ ಬರಬೇಕಾದರೆ ಆದಾಯ 9,06,250ಕ್ಕೆ ಇಳಿಯಬೇಕು, ಅಂದರೆ ಒಟ್ಟು 5,93,750 ಕಡಿತ ಬೇಕು. ಅದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, 80ಸಿ 1,50,000, ನಿಮ್ಮ ಕೈಯಿಂದ ಕಟ್ಟಿದ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) 50,000, ಆರೋಗ್ಯ ವಿಮೆ 25,000, ಕರ್ನಾಟಕದ ವೃತ್ತಿ ತೆರಿಗೆ 2,500. ಇಷ್ಟಾದರೂ ಇನ್ನೂ 3,16,250 ಬೇಕು. ವಾಸದ ಮನೆಯ ಸಾಲದ ಬಡ್ಡಿಗೆ ಮಿತಿ 2 ಲಕ್ಷ. ಅಲ್ಲಿಗೆ ದೊಡ್ಡ ಬಾಡಿಗೆಯೂ ಇಲ್ಲದಿದ್ದರೆ ಹಳೆಯ ಪದ್ಧತಿ ಗೆಲ್ಲುವುದಿಲ್ಲ.

ತೆರಿಗೆ ಉಳಿಸಲೆಂದೇ ಮಾರ್ಚ್ ಕೊನೆಯ ವಾರದಲ್ಲಿ ಬೇಡದ ಎಂಡೋಮೆಂಟ್ ಪಾಲಿಸಿ ಮಾಡಿಸುವ ಅಭ್ಯಾಸಕ್ಕೆ ಈಗ ಅರ್ಥವಿಲ್ಲ. ಹೊಸ ಪದ್ಧತಿಯಲ್ಲಿ ಉಳಿದಿರುವ ದೊಡ್ಡ ಸೌಲಭ್ಯ ಎಂದರೆ ಕಂಪನಿ ನಿಮ್ಮ ಎನ್‌ಪಿಎಸ್‌ಗೆ ಹಾಕುವ ಹಣ, ಮೂಲ ವೇತನ ಮತ್ತು ಡಿಎ ಮೊತ್ತದ ಶೇ. 14ರವರೆಗೆ. ಸಂಬಳದ ರಚನೆಯಲ್ಲಿ ಇದನ್ನು ಸೇರಿಸಿ ಎಂದು ಎಚ್‌ಆರ್‌ ಅವರನ್ನು ಕೇಳಿನೋಡಿ.

ಕಂಪನಿಗೆ ಹೊಸ ಪದ್ಧತಿ ಎಂದು ಬರೆದುಕೊಟ್ಟಿದ್ದರೂ ರಿಟರ್ನ್‌ನಲ್ಲಿ ಹಳೆಯದನ್ನು ಆರಿಸಬಹುದು. ಸಂಬಳದವರು ಪ್ರತಿ ವರ್ಷ ಬದಲಾಯಿಸಬಹುದು. ವ್ಯಾಪಾರದ ಆದಾಯ ಇರುವವರು ಮಾತ್ರ ಫಾರ್ಮ್ 10-ಐಇಎ ಕೊಟ್ಟು ಹಳೆಯದಕ್ಕೆ ಹೋಗಬೇಕು, ಒಮ್ಮೆ ಹೊಸದಕ್ಕೆ ಮರಳಿದರೆ ಮತ್ತೆ ಹೋಗಲಾಗದು.

ಬೆಂಗಳೂರಲ್ಲಿ ಬಾಡಿಗೆ ಇಷ್ಟೊಂದು, ಆದ್ರೂ ಎಚ್‌ಆರ್‌ಎ ಶೇ. 40 ಅಂತಾರಲ್ಲ?

2025-26ರ ಲೆಕ್ಕಕ್ಕೆ ಶೇ. 50 ಇರುವುದು ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗೆ ಮಾತ್ರ. ಬೆಂಗಳೂರಿಗೆ ಶೇ. 40. ಆದರೆ ಬಹಳ ಜನರ ವಿನಾಯಿತಿಯನ್ನು ಕಟ್ಟಿಹಾಕುವುದು ಈ ಶೇ. 40 ಅಲ್ಲವೇ ಅಲ್ಲ. ಮೂರು ಮೊತ್ತಗಳಲ್ಲಿ ಯಾವುದು ಕಡಿಮೆಯೋ ಅದು ಸಿಗುತ್ತದೆ: ಬಂದ ಎಚ್‌ಆರ್‌ಎ, ಮೂಲ ವೇತನದ ಶೇ. 40, ಕಟ್ಟಿದ ಬಾಡಿಗೆಯಲ್ಲಿ ಮೂಲ ವೇತನದ ಶೇ. 10 ಕಳೆದ ಮೊತ್ತ. ಮೂಲ ವೇತನ ವರ್ಷಕ್ಕೆ 6 ಲಕ್ಷ, ಎಚ್‌ಆರ್‌ಎ 2.4 ಲಕ್ಷ, ಬಾಡಿಗೆ ತಿಂಗಳಿಗೆ 20,000 ಆದರೆ ಮೊದಲೆರಡೂ 2.4 ಲಕ್ಷ; ಮೂರನೆಯದು 2,40,000ದಲ್ಲಿ 60,000 ಹೋಗಿ 1,80,000. ಸಿಗುವುದು 1,80,000.

ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಮನೆ ಮಾಲೀಕರ ಪ್ಯಾನ್ ಬೇಕು. ಅಡ್ವಾನ್ಸ್ ಮತ್ತು ಮೇಂಟೆನೆನ್ಸ್ ಬಾಡಿಗೆಯಲ್ಲ. ಇದೆಲ್ಲ ಹಳೆಯ ಪದ್ಧತಿಯಲ್ಲಿ ಮಾತ್ರ.

ಅಪ್ಪನ ಮನೆಯಲ್ಲೇ ಇದ್ದೀನಿ. ಅಪ್ಪನಿಗೆ ಬಾಡಿಗೆ ಕೊಟ್ಟೆ ಅಂತ ತೋರಿಸಬಹುದಾ?

ನಿಜವಾಗಿ ಕೊಟ್ಟರೆ ತೋರಿಸಬಹುದು. ಮನೆ ಅಪ್ಪನ ಹೆಸರಲ್ಲಿರಬೇಕು, ಪ್ರತಿ ತಿಂಗಳು ನಿಮ್ಮ ಖಾತೆಯಿಂದ ಅವರ ಖಾತೆಗೆ ಹಣ ಹೋಗಬೇಕು, ಅವರ ರಿಟರ್ನ್‌ನಲ್ಲಿ ಆ ಬಾಡಿಗೆ ಕಾಣಬೇಕು. ಬಾಡಿಗೆಯಲ್ಲಿ ಶೇ. 30 ಅವರಿಗೆ ಸುಮ್ಮನೆ ಕಳೆಯುತ್ತದೆ. ಅವರಿಗೆ ಪೆನ್ಶನ್ ಕಡಿಮೆಯಿದ್ದರೆ ಇಬ್ಬರಿಗೂ ಅನುಕೂಲ. ಇಂದು ಕೊಟ್ಟು ನಾಳೆ ವಾಪಸ್ ಹಾಕಿಸಿಕೊಂಡರೆ ಬ್ಯಾಂಕ್ ಸ್ಟೇಟ್‌ಮೆಂಟೇ ನಿಮ್ಮ ವಿರುದ್ಧ ಸಾಕ್ಷಿ. ಹೆಂಡತಿಗೆ ಬಾಡಿಗೆ ಕೊಟ್ಟೆ ಎಂಬ ಕ್ಲೇಮು ತಕರಾರಿಗೆ ಆಹ್ವಾನ, ಬಿಟ್ಟುಬಿಡಿ.

ವರ್ಷದ ಮಧ್ಯೆ ಕೆಲಸ ಬದಲಿಸಿದೆ. ಎರಡೂ ಕಂಪನಿ ಟಿಡಿಎಸ್ ಹಿಡಿದಿಲ್ಲ. ಈಗ ಪೋರ್ಟಲ್ 78 ಸಾವಿರ ಕಟ್ಟು ಅಂತಿದೆ!

ಪೋರ್ಟಲ್ ಸರಿಯಾಗಿಯೇ ಹೇಳುತ್ತಿದೆ. ಮೊದಲ ಆರು ತಿಂಗಳು 80,000ದಂತೆ 4.8 ಲಕ್ಷ, ಆಮೇಲಿನ ಆರು ತಿಂಗಳು 1.5 ಲಕ್ಷದಂತೆ 9 ಲಕ್ಷ ಎನ್ನಿ. ಹಳೇ ಕಂಪನಿಯ ಲೆಕ್ಕದಲ್ಲೂ ನೀವು 12.75 ಲಕ್ಷದೊಳಗೆ, ಹೊಸ ಕಂಪನಿಯ ಲೆಕ್ಕದಲ್ಲೂ ಅದರೊಳಗೆ. ಇಬ್ಬರೂ 75,000 ಕಳೆದರು, ಇಬ್ಬರೂ ರಿಬೇಟ್ ಕೊಟ್ಟರು. ನಿಜವಾದ ಮೊತ್ತ 13.8 ಲಕ್ಷ. 75,000 ಒಮ್ಮೆ ಮಾತ್ರ ಕಳೆದರೆ 13,05,000, ತೆರಿಗೆ 75,750, ಸೆಸ್ ಸೇರಿ 78,780. ಮುಂಗಡ ತೆರಿಗೆ ಕಟ್ಟಿಲ್ಲದ್ದಕ್ಕೆ ಬಡ್ಡಿಯೂ ಸೇರುತ್ತದೆ.

ಹೊಸ ಕಂಪನಿಗೆ ಸೇರಿದ ತಿಂಗಳೇ ಫಾರ್ಮ್ 12ಬಿಯಲ್ಲಿ ಹಿಂದಿನ ಸಂಬಳ ಬರೆದುಕೊಟ್ಟಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ. ಟಿಡಿಎಸ್ ಕಳೆದೂ ವರ್ಷಕ್ಕೆ 10,000 ಅಥವಾ ಹೆಚ್ಚು ತೆರಿಗೆ ಉಳಿಯುವಂತಿದ್ದರೆ ಜೂನ್ 15ಕ್ಕೆ ಶೇ. 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ. 45, ಡಿಸೆಂಬರ್ 15ಕ್ಕೆ ಶೇ. 75, ಮಾರ್ಚ್ 15ಕ್ಕೆ ಪೂರ್ತಿ ಕಟ್ಟಿರಬೇಕು.

ಒಬ್ಬರು ಜಾಸ್ತಿ ರೀಫಂಡ್ ಬರಿಸಿಕೊಡ್ತೀನಿ, ಅದರಲ್ಲಿ ಇಷ್ಟು ಪರ್ಸೆಂಟ್ ಕೊಡಿ ಅಂತಿದ್ದಾರೆ. ಕೊಡಬಹುದಾ?

ಬೇಡ. ಅವರು ಮಾಡುವುದಿಷ್ಟೇ: ಇಲ್ಲದ ರಾಜಕೀಯ ದೇಣಿಗೆ, ಇಲ್ಲದ ವೈದ್ಯಕೀಯ ಖರ್ಚು, ಇಲ್ಲದ ಬಾಡಿಗೆ ತುಂಬಿಸುತ್ತಾರೆ. ಇಂಥ ರಿಟರ್ನ್ ಹಾಕಿಕೊಡುವ ಜಾಲಗಳ ಮೇಲೆ ಇಲಾಖೆ 2025ರ ಜುಲೈನಲ್ಲಿ ದೇಶದ ಹಲವೆಡೆ ಶೋಧ ನಡೆಸಿತು. ಸಿಕ್ಕಿಬಿದ್ದರೆ ತಪ್ಪಿಸಿದ ತೆರಿಗೆ, ಬಡ್ಡಿ, ಅದರ ಮೇಲೆ ತೆರಿಗೆಯ ಶೇ. 200ರಷ್ಟು ದಂಡ. ಕಮಿಷನ್ ತೆಗೆದುಕೊಂಡವರು ಆಗ ಫೋನ್ ಎತ್ತುವುದಿಲ್ಲ, ಪ್ಯಾನ್ ನಿಮ್ಮದು.

## ಗಂಡ, ಹೆಂಡತಿ, ಮಕ್ಕಳು, ಹಿರಿಯರು

ಹೆಂಡತಿ ಹೆಸರಲ್ಲಿ ಎಫ್‌ಡಿ ಇಟ್ಟರೆ ಬಡ್ಡಿಗೆ ಟ್ಯಾಕ್ಸ್ ಉಳಿಯುತ್ತಾ?

ದುಡ್ಡು ನಿಮ್ಮದಾದರೆ ಉಳಿಯುವುದಿಲ್ಲ. ನಿಮ್ಮಿಂದ ಆಕೆಗೆ ಹೋದ ಹಣದ ಬಡ್ಡಿ ನಿಮ್ಮ ಆದಾಯಕ್ಕೇ ಸೇರುತ್ತದೆ. ಇದು 64ನೇ ಸೆಕ್ಷನ್, ಕ್ಲಬ್ಬಿಂಗ್. ಆಕೆಯ ಪ್ಯಾನ್ ಕೊಟ್ಟ ಮಾತ್ರಕ್ಕೆ ಬದಲಾಗದು. ಆಕೆಯ ಸಂಬಳ, ಆಕೆಯ ತವರಿನಿಂದ ಬಂದ ಹಣ ಆದರೆ ಆಕೆಯದೇ ಲೆಕ್ಕ. ಇನ್ನೊಂದು ಸೂಕ್ಷ್ಮ: ನಿಮ್ಮ ಆದಾಯಕ್ಕೆ ಸೇರಿಸಿದ ಆ ಬಡ್ಡಿಯನ್ನು ಆಕೆ ಮತ್ತೆ ಹೂಡಿದರೆ, ಬಡ್ಡಿಯ ಮೇಲಿನ ಬಡ್ಡಿ ಆಕೆಯ ಆದಾಯ.

ಅಪ್ರಾಪ್ತ ಮಕ್ಕಳ ಬಡ್ಡಿಯೂ ಹೀಗೇ, ತಂದೆ ತಾಯಿಯಲ್ಲಿ ಯಾರ ಆದಾಯ ಹೆಚ್ಚೋ ಅವರಿಗೆ ಸೇರುತ್ತದೆ. ಮಗು ತನ್ನದೇ ಪ್ರತಿಭೆಯಿಂದ ಗಳಿಸಿದ್ದು ಮಾತ್ರ ಮಗುವಿನದು. ಸುಕನ್ಯಾ ಸಮೃದ್ಧಿಯ ಬಡ್ಡಿಗೆ ಯಾವ ಪದ್ಧತಿಯಲ್ಲೂ ತೆರಿಗೆಯಿಲ್ಲ.

ಇಲ್ಲಿ ನ್ಯಾಯವಾದ ದಾರಿ ಒಂದಿದೆ, ಬಹಳ ಮನೆಗಳು ಬಳಸಿಕೊಂಡಿಲ್ಲ. ಅಪ್ಪ, ಅಮ್ಮ, 18 ತುಂಬಿದ ಮಕ್ಕಳಿಗೆ ಕೊಟ್ಟ ಹಣಕ್ಕೆ ಕ್ಲಬ್ಬಿಂಗ್ ಇಲ್ಲ. ಪಡೆದವರಿಗೂ ತೆರಿಗೆಯಿಲ್ಲ. ಆದಾಯವಿಲ್ಲದ ಅಮ್ಮನಿಗೆ 20 ಲಕ್ಷ ಕೊಟ್ಟು ಅವರು ಎಫ್‌ಡಿ ಇಟ್ಟರೆ ಬಡ್ಡಿ ಅವರ ಆದಾಯ, ಬಹುತೇಕ ತೆರಿಗೆ ಸೊನ್ನೆ. ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡಿ, ಒಂದು ಪುಟದ ದಾನಪತ್ರ ಬರೆದಿಡಿ. ನೆನಪಿರಲಿ, ಕೊಟ್ಟ ಮೇಲೆ ಅದು ಅಮ್ಮನ ದುಡ್ಡು. ನಾಳೆ ಅದಕ್ಕೆ ತಮ್ಮನೂ ತಂಗಿಯೂ ವಾರಸುದಾರರು.

ಮದುವೆಗೆ ಬಂದ ಮುಯ್ಯಿಗೂ ಟ್ಯಾಕ್ಸಾ?

ವಧೂವರರಿಗೆ ಮದುವೆಯ ಸಂದರ್ಭದಲ್ಲಿ ಬಂದ ಉಡುಗೊರೆಗೆ ಇಲ್ಲ, ಯಾರು ಕೊಟ್ಟರೂ. ಗೃಹಪ್ರವೇಶ, ಉಪನಯನ, ಹುಟ್ಟುಹಬ್ಬಕ್ಕೆ ಈ ರಿಯಾಯಿತಿ ಇಲ್ಲ. ಅಲ್ಲಿ ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಒಟ್ಟು 50,000 ದಾಟಿದರೆ ಪೂರ್ತಿ ಮೊತ್ತ ಆದಾಯ. ಮುಯ್ಯಿ ಬರೆದ ಪುಸ್ತಕ ಎಸೆಯಬೇಡಿ. ಖಾತೆಗೆ ನಗದು ಜಮಾ ಮಾಡಿದರೆ ಅದೇ ದಾಖಲೆ.

ನಗದಿನಲ್ಲಿ ಎಷ್ಟರವರೆಗೆ ವ್ಯವಹಾರ ಮಾಡಬಹುದು?

ಒಬ್ಬರಿಂದ ಒಂದೇ ದಿನ, ಒಂದೇ ವ್ಯವಹಾರಕ್ಕೆ ಅಥವಾ ಒಂದೇ ಸಂದರ್ಭಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ಕೈಸಾಲ ಮತ್ತು ಸೈಟಿನ ಅಡ್ವಾನ್ಸ್ 20,000 ಮುಟ್ಟಿದರೆ ಬ್ಯಾಂಕ್ ಮೂಲಕವೇ ಆಗಬೇಕು, ಸಾಲ ತೀರಿಸುವಾಗಲೂ ಹಾಗೇ. ದಂಡ ಅಷ್ಟೇ ಮೊತ್ತ. ಭಾವನಿಂದ 3 ಲಕ್ಷ ನಗದು ಸಾಲ ಪಡೆದರೆ 3 ಲಕ್ಷದವರೆಗೂ ದಂಡ ಬೀಳಬಹುದು.

15ಜಿ, 15ಎಚ್ ಯಾರು ಕೊಡಬೇಕು?

ಬ್ಯಾಂಕು, ಅಂಚೆ ಕಚೇರಿ, ಸಹಕಾರಿ ಬ್ಯಾಂಕುಗಳಲ್ಲಿ ವರ್ಷದ ಬಡ್ಡಿ 50,000 ದಾಟಿದರೆ ಶೇ. 10 ಟಿಡಿಎಸ್. 60 ತುಂಬಿದವರಿಗೆ ಮಿತಿ 1 ಲಕ್ಷ. ಪ್ಯಾನ್ ಕೊಡದಿದ್ದರೆ ಶೇ. 20. ಈ ಟಿಡಿಎಸ್ ಹಿಡಿಯಬೇಡಿ ಎಂದು ಕೊಡುವ ಘೋಷಣೆಗಳೇ 15ಜಿ, 15ಎಚ್. 60 ತುಂಬಿದವರು ಒಟ್ಟು ತೆರಿಗೆ ಸೊನ್ನೆಯಾಗುವಂತಿದ್ದರೆ 15ಎಚ್ ಕೊಡಬಹುದು. ಕಿರಿಯರಿಗೆ 15ಜಿ, ಇದಕ್ಕೆ ತೆರಿಗೆ ಸೊನ್ನೆಯಾದರೆ ಸಾಲದು, ಬಡ್ಡಿಯ ಮೊತ್ತವೂ 4 ಲಕ್ಷದೊಳಗಿರಬೇಕು. 55 ವರ್ಷದವರಿಗೆ 4.5 ಲಕ್ಷ ಬಡ್ಡಿ ಬಂದರೆ ತೆರಿಗೆ ಇಲ್ಲ, ಆದರೂ 15ಜಿ ಕೊಡುವಂತಿಲ್ಲ. ಟಿಡಿಎಸ್ ಹಿಡಿಸಿಕೊಂಡು ರಿಟರ್ನ್‌ನಲ್ಲಿ ವಾಪಸ್ ಪಡೆಯಬೇಕು.

ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಎಫ್‌ಡಿ ಇರುವ ಪ್ರತಿ ಬ್ಯಾಂಕಿಗೂ ಬೇರೆ ಬೇರೆ ಕೊಡಬೇಕು. ಬ್ಯಾಂಕಿನವರು ಕೌಂಟರಿನಲ್ಲಿ ‘ಸೈನ್ ಹಾಕಿ’ ಎಂದು ಚಾಚಿದ ಮಾತ್ರಕ್ಕೆ ಹಾಕಬೇಡಿ. ಸುಳ್ಳು ಘೋಷಣೆಗೆ ಮೊಕದ್ದಮೆಯ ಅವಕಾಶವಿದೆ.

ಅಪ್ಪನಿಗೆ 78 ವರ್ಷ. ಅವರೂ ರಿಟರ್ನ್ ಹಾಕಬೇಕಾ?

75 ತುಂಬಿದ್ದು, ಪೆನ್ಶನ್ ಮತ್ತು ಬಡ್ಡಿ ಬಿಟ್ಟು ಬೇರೆ ಆದಾಯವಿಲ್ಲದೆ, ಎರಡೂ ಒಂದೇ ಬ್ಯಾಂಕಿನಲ್ಲಿದ್ದರೆ ಫಾರ್ಮ್ 12ಬಿಬಿಎ ಕೊಟ್ಟು ರಿಟರ್ನ್‌ನಿಂದ ಬಿಡುಗಡೆ ಪಡೆಯಬಹುದು. ಬ್ಯಾಂಕೇ ತೆರಿಗೆ ಲೆಕ್ಕ ಹಾಕಿ ಹಿಡಿಯುತ್ತದೆ. ಪಕ್ಕದ ಸೊಸೈಟಿಯಲ್ಲಿ ಒಂದು ಎಫ್‌ಡಿ ಇದ್ದರೂ ಈ ಸೌಲಭ್ಯ ಇಲ್ಲ. ಅಮ್ಮನಿಗೆ ಬರುವ ಕುಟುಂಬ ಪೆನ್ಶನ್ ಸಂಬಳವಲ್ಲ, ಇತರ ಮೂಲದ ಆದಾಯ. ಹೊಸ ಪದ್ಧತಿಯಲ್ಲಿ ಅದರ ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅದು ಕಳೆಯುತ್ತದೆ.

ಎಚ್‌ಯುಎಫ್ (ಹಿಂದೂ ಅವಿಭಕ್ತ ಕುಟುಂಬ) ಪ್ಯಾನ್ ಮಾಡಿಸಿದ್ರೆ ಲಾಭ ಇದೆಯಾ?

ಪಿತ್ರಾರ್ಜಿತ ಮನೆಯ ಬಾಡಿಗೆ, ಪಾಲಿನಲ್ಲಿ ಬಂದ ಆಸ್ತಿಯ ಆದಾಯ ಇದ್ದರೆ ಇದೆ. ಹಿಂದೂ ಅವಿಭಕ್ತ ಕುಟುಂಬಕ್ಕೆ ಪ್ರತ್ಯೇಕ 4 ಲಕ್ಷದ ವಿನಾಯಿತಿ ಉಂಟು, ಆದರೆ 87ಎ ರಿಬೇಟ್ ಇಲ್ಲ. ನಿಮ್ಮ ಸಂಬಳದ ದುಡ್ಡನ್ನು ಅದಕ್ಕೆ ತುಂಬಿದರೆ ಆದಾಯ ಮತ್ತೆ ನಿಮಗೇ ಕ್ಲಬ್ ಆಗುತ್ತದೆ. ಹಾಕಲು ಬೀಜವೇ ಇಲ್ಲದವರು ಮಡಿ ಮಾಡಿಟ್ಟು ಏನು ಫಲ!

ಮನೆಯಲ್ಲಿ ಎಷ್ಟು ಚಿನ್ನ ಇಟ್ಟುಕೊಳ್ಳಬಹುದು?

ಮಿತಿಯೇ ಇಲ್ಲ, ಮೂಲ ಹೇಳಲು ಬಂದರೆ ಸಾಕು. ಮದುವೆಯಾದ ಹೆಣ್ಣಿಗೆ 500 ಗ್ರಾಂ, ಮದುವೆಯಾಗದವಳಿಗೆ 250, ಗಂಡಿಗೆ 100 ಎಂಬ ಮಾತು 1994ರ ಮೇ 11ರ ಸೂಚನೆಯದು. ದಾಳಿಯಾದಾಗ ಇಷ್ಟರವರೆಗಿನ ಒಡವೆಯನ್ನು ಜಪ್ತಿ ಮಾಡಬೇಡಿ ಎಂದು ಅಧಿಕಾರಿಗಳಿಗೆ ಹೇಳಿದ್ದು ಅದು.

## ಹೊಲ, ತೋಟ, ಸೈಟು

ಸಂಬಳ 12 ಲಕ್ಷದೊಳಗೆ, ಊರಲ್ಲಿ ಅಡಿಕೆ ತೋಟ ಇದೆ. ಕೃಷಿಗೆ ಟ್ಯಾಕ್ಸ್ ಇಲ್ಲ, ಸಂಬಳಕ್ಕೂ ಇಲ್ಲ, ಸರಿ ತಾನೆ?

ಇಲ್ಲೊಂದು ಗುಂಡಿಯಿದೆ. ಕೃಷಿ ಆದಾಯಕ್ಕೆ ನೇರ ತೆರಿಗೆಯಿಲ್ಲ. ಆದರೆ ಅದು 5,000 ದಾಟಿ, ಬೇರೆ ಆದಾಯ ಮೂಲ ವಿನಾಯಿತಿಯ ಮೇಲಿದ್ದರೆ ದರ ನಿರ್ಧರಿಸಲು ಎರಡನ್ನೂ ಕೂಡಿಸುತ್ತಾರೆ. ಕಡಿತಗಳ ನಂತರ ಸಂಬಳ 10 ಲಕ್ಷ, ಖರ್ಚು ಕಳೆದು ತೋಟದ್ದು 6 ಲಕ್ಷ ಎನ್ನಿ. 16 ಲಕ್ಷಕ್ಕೆ ತೆರಿಗೆ 1,20,000. ತೋಟದ 6 ಲಕ್ಷಕ್ಕೆ ವಿನಾಯಿತಿಯ 4 ಲಕ್ಷ ಕೂಡಿಸಿ 10 ಲಕ್ಷಕ್ಕೆ ತೆರಿಗೆ 40,000. ವ್ಯತ್ಯಾಸ 80,000. ಅದರಲ್ಲಿ ರಿಬೇಟ್ ಹೆಚ್ಚೆಂದರೆ 60,000. ಉಳಿದ 20,000ಕ್ಕೆ ಸೆಸ್ ಸೇರಿ 20,800 ಕಟ್ಟಬೇಕು. ‘12 ಲಕ್ಷದವರೆಗೆ ಸೊನ್ನೆ’ ಎಂದು ನಂಬಿದ ತೋಟದವರಿಗೆ ಡಿಮ್ಯಾಂಡ್ ಬರುವುದು ಹೀಗೆ.

ಐಟಿಆರ್-1 (ಸರಳ ರಿಟರ್ನ್ ಫಾರ್ಮ್) ಇವರಿಗೆ ಆಗದು, ಐಟಿಆರ್-2 ಹಾಕಬೇಕು. ನಿವ್ವಳ ಕೃಷಿ ಆದಾಯ 5 ಲಕ್ಷ ದಾಟಿದರೆ ಜಮೀನಿರುವ ಜಿಲ್ಲೆ, ಪಿನ್‌ಕೋಡ್, ವಿಸ್ತೀರ್ಣ, ಸ್ವಂತವೋ ಗೇಣಿಯೋ, ನೀರಾವರಿಯೋ ಮಳೆಯಾಶ್ರಿತವೋ ಎಂದು ತುಂಬಬೇಕು. ಪಹಣಿ ಎದುರಿಗಿಟ್ಟುಕೊಳ್ಳಿ, ಮಂಡಿಯ ಪಟ್ಟಿ, ಗೊಬ್ಬರದ ಬಿಲ್ಲು, ಕೂಲಿಯ ಲೆಕ್ಕ ಒಂದು ಫೈಲಿನಲ್ಲಿರಲಿ. ಹಾಲು, ಕೋಳಿ ಸಾಕಣೆಯ ಆದಾಯ ಕೃಷಿ ಆದಾಯವಲ್ಲ.

ಕಾಫಿಗೆ ಬೇರೆ ಲೆಕ್ಕವಂತೆ?

ಹೌದು. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ನಿಯಮ 7ಬಿ ತಿಳಿದಿರಬೇಕು. ಬೆಳೆದು, ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯದ ಶೇ. 25 ವ್ಯಾಪಾರದ್ದು, ಉಳಿದ ಶೇ. 75 ಕೃಷಿಯದ್ದು. ಹುರಿದು ಪುಡಿ ಮಾಡಿ ಮಾರಿದರೆ ವ್ಯಾಪಾರದ ಪಾಲು ಶೇ. 40. ಕ್ಯೂರಿಂಗ್‌ಗೆ ಹೋಗದೆ ಹಣ್ಣು ಕೊಯ್ದು ಒಣಗಿಸಿ ಮಾರಿದರೆ ಪೂರ್ತಿ ಕೃಷಿ ಆದಾಯ. ಸ್ವಂತ ಬ್ರ್ಯಾಂಡ್ ಪುಡಿ ಶುರುಮಾಡುವ ತೋಟದವರು ಮೊದಲ ದಿನದಿಂದಲೇ ಪುಸ್ತಕ ಬೇರೆ ಇಡುವುದು ಒಳ್ಳೆಯದು.

ಹೊಲ ಮಾರಿದ್ರೆ ಟ್ಯಾಕ್ಸ್ ಇಲ್ಲ ಅಂತ ಬ್ರೋಕರ್ ಹೇಳ್ತಿದ್ದಾರೆ.

ಹೊಲ ಎಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. ನಗರಸಭೆ, ಪುರಸಭೆಯ ಗಡಿಯಿಂದ ಆಚೆ ಇರಬೇಕು. ಊರಿನ ಜನಸಂಖ್ಯೆ 10 ಸಾವಿರದಿಂದ 1 ಲಕ್ಷವಿದ್ದರೆ 2 ಕಿ.ಮೀ., 10 ಲಕ್ಷದವರೆಗೆ 6 ಕಿ.ಮೀ., ಅದರ ಮೇಲೆ 8 ಕಿ.ಮೀ. ದಾಟಿರಬೇಕು. ಅಳೆಯುವುದು ರಸ್ತೆಯಲ್ಲಲ್ಲ, ಕಾಗೆ ಹಾರಿದ ನೇರದಲ್ಲಿ. ದೂರದ ಬಗ್ಗೆ ತಹಶೀಲ್ದಾರರ ಪತ್ರ ಪಡೆದಿಡಿ. ಕನ್ವರ್ಷನ್ ಆದ ಜಮೀನಿಗೆ ಈ ವಿನಾಯಿತಿ ಕೇಳಲು ಹೋಗಬೇಡಿ.

ಗಡಿಯೊಳಗಿನ ಹೊಲವಾದರೂ ನೀವೋ ನಿಮ್ಮ ತಂದೆ ತಾಯಿಯೋ ಹಿಂದಿನ ಎರಡು ವರ್ಷ ಅಲ್ಲಿ ಬೇಸಾಯ ಮಾಡಿದ್ದರೆ, ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡು 54ಬಿ ಅಡಿ ಲಾಭವನ್ನು ಉಳಿಸಿಕೊಳ್ಳಬಹುದು.

ಮೈಸೂರಲ್ಲಿ 2010ರಲ್ಲಿ 10 ಲಕ್ಷಕ್ಕೆ ತಗೊಂಡ ಸೈಟು ಈಗ 40 ಲಕ್ಷಕ್ಕೆ ಮಾರಿದೆ. ಎಷ್ಟು ಕಟ್ಟಬೇಕು?

2024ರ ಜುಲೈ 23ಕ್ಕಿಂತ ಮೊದಲು ಕೊಂಡ ಆಸ್ತಿಗೆ ಎರಡು ಲೆಕ್ಕ ಹಾಕಿ, ಕಡಿಮೆಯದನ್ನು ಕಟ್ಟಬಹುದು. ನೇರ ಲೆಕ್ಕ: ಲಾಭ 30 ಲಕ್ಷ, ಶೇ. 12.5ರಂತೆ 3,75,000. ಇಂಡೆಕ್ಸೇಷನ್ (ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆ ಏರಿಸುವ) ಲೆಕ್ಕ: 2010-11ರ ಸೂಚ್ಯಂಕ 167, 2025-26ರದ್ದು 376. ಕೊಂಡ ಬೆಲೆ 22.51 ಲಕ್ಷವಾಗಿ ಏರುತ್ತದೆ, ಲಾಭ 17.49 ಲಕ್ಷ, ಶೇ. 20ರಂತೆ ಸುಮಾರು 3,49,700. ಇಲ್ಲಿ ಎರಡನೆಯದೇ ಲೇಸು. ಬೆಲೆ ಇದಕ್ಕಿಂತ ಜೋರಾಗಿ ಏರಿದ್ದರೆ ಮೊದಲನೆಯದು ಗೆಲ್ಲುತ್ತದೆ. ಎರಡರಲ್ಲೂ ಸೆಸ್ ಬೇರೆ.

ಕ್ರಯಪತ್ರದ ಮೊತ್ತಕ್ಕಿಂತ ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ಬೆಲೆ ಶೇ. 10ಕ್ಕಿಂತ ಹೆಚ್ಚು ಇದ್ದರೆ ಮಾರ್ಗಸೂಚಿ ಬೆಲೆಯೇ ಮಾರಾಟ ಬೆಲೆ. ತೆರಿಗೆ ಉಳಿಸಲು ಆರು ತಿಂಗಳೊಳಗೆ 54ಇಸಿ ಬಾಂಡ್ ಕೊಳ್ಳಬಹುದು, ಮಿತಿ 50 ಲಕ್ಷ, ಐದು ವರ್ಷ ತೆಗೆಯುವಂತಿಲ್ಲ. ಮನೆ ಕೊಳ್ಳುವುದಾದರೆ ಎರಡು ವರ್ಷ, ಕಟ್ಟಿಸುವುದಾದರೆ ಮೂರು ವರ್ಷ. ಸೈಟು ಮಾರಿದಾಗ ಪೂರ್ತಿ ವಿನಾಯಿತಿಗೆ ಲಾಭವನ್ನಷ್ಟೇ ಅಲ್ಲ, ಬಂದ ಹಣವನ್ನೆಲ್ಲ ಹಾಕಬೇಕು. ರಿಟರ್ನ್ ಗಡುವಿನೊಳಗೆ ಖರ್ಚಾಗದ ಹಣ ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಗೆ ಹೋಗಬೇಕು. ಸಾಮಾನ್ಯ ಎಫ್‌ಡಿಯಲ್ಲಿಟ್ಟು ವಿನಾಯಿತಿ ಕಳೆದುಕೊಂಡವರು ಬಹಳ.

55 ಲಕ್ಷಕ್ಕೆ ಫ್ಲ್ಯಾಟ್ ತಗೋತಿದ್ದೀನಿ. ಟಿಡಿಎಸ್ ನಾನು ಹಿಡಿಯಬೇಕಂತೆ?

ಹೌದು, ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಶೇ. 1 ಹಿಡಿದು ಫಾರ್ಮ್ 26ಕ್ಯೂಬಿಯಲ್ಲಿ ಕಟ್ಟಬೇಕು, ಹಿಡಿದ ತಿಂಗಳು ಮುಗಿದು 30 ದಿನದೊಳಗೆ. ಕಂತಿನಲ್ಲಿ ಕೊಟ್ಟರೆ ಪ್ರತಿ ಕಂತಿಗೂ, ಬ್ಯಾಂಕ್ ಬಿಡುಗಡೆ ಮಾಡಿದ ಸಾಲದ ಕಂತಿಗೂ. ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಕೊಂಡರೆ ಇಬ್ಬರೂ ಬೇರೆ ಬೇರೆ ಫಾರ್ಮ್ ತುಂಬಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಮಾರುವವರ ಪ್ಯಾನ್ ಆಧಾರ್‌ಗೆ ಜೋಡಣೆಯಾಗಿದೆಯೇ ಎಂದು ಮೊದಲೇ ನೋಡಿ, ಆಗಿಲ್ಲದಿದ್ದರೆ ಶೇ. 20 ಹಿಡಿಯಬೇಕಾಗುತ್ತದೆ. ಮಾರುವವರು ಎನ್‌ಆರ್‌ಐ ಆದರೆ ಈ ಶೇ. 1 ಅಲ್ಲ, 195ನೇ ಸೆಕ್ಷನ್. ಆಡಿಟರ್ ಇಲ್ಲದೆ ಮುಂದುವರಿಯಬೇಡಿ.

ಬಾಡಿಗೆದಾರರಿಗೂ ಒಂದಿದೆ: ತಿಂಗಳ ಬಾಡಿಗೆ 50,000 ದಾಟಿದರೆ ವರ್ಷದ ಕೊನೆಯಲ್ಲಿ ಅಥವಾ ಮನೆ ಬಿಡುವಾಗ ಶೇ. 2 ಹಿಡಿದು 26ಕ್ಯೂಸಿಯಲ್ಲಿ ಕಟ್ಟಬೇಕು.

## ತೊಡಕಿನವು

ಮಗ ದುಬೈನಲ್ಲಿದ್ದಾನೆ. ಇಲ್ಲಿನ ಎಫ್‌ಡಿ ಬಡ್ಡಿಗೆ ಶೇ. 30 ಹಿಡಿದುಬಿಟ್ಟಿದ್ದಾರೆ.

ಎನ್‌ಆರ್‌ಒ ಖಾತೆಯ (ಅನಿವಾಸಿಗಳು ಇಲ್ಲಿನ ಆದಾಯ ಇಡುವ ಖಾತೆ) ಬಡ್ಡಿಗೆ ಸೆಸ್ ಸೇರಿ ಶೇ. 31.2 ಹಿಡಿಯುತ್ತಾರೆ. 15ಜಿ ಕೊಡಲು ಬರುವುದಿಲ್ಲ. ಇಲ್ಲಿ ಅವರಿಗಿರುವುದು 5 ಲಕ್ಷ ಬಡ್ಡಿ ಮಾತ್ರ ಎಂದಾದರೆ ಟಿಡಿಎಸ್ 1,56,000 ಹೋಗಿರುತ್ತದೆ; ನಿಜವಾದ ತೆರಿಗೆ 5,200. ಐಟಿಆರ್-2 ಹಾಕಿದರೆ 1,50,800 ವಾಪಸ್. 87ಎ ರಿಬೇಟ್ ಎನ್‌ಆರ್‌ಐಗಳಿಗಿಲ್ಲ, ಅದಕ್ಕೇ ಆ 5,200. ವಿದೇಶದ ದುಡಿಮೆ ಇಡುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆಯಿಲ್ಲ. ಕರಾವಳಿಯ ಎಷ್ಟೋ ಮನೆಗಳಲ್ಲಿ ಗಲ್ಫಿಗೆ ಹೋಗಿ ಹತ್ತು ವರ್ಷವಾದರೂ ಹಳೇ ಉಳಿತಾಯ ಖಾತೆ ಹಾಗೇ ಇರುತ್ತದೆ. ಅದನ್ನು ಎನ್‌ಆರ್‌ಒಗೆ ಬದಲಾಯಿಸಲೇಬೇಕು.

ರಿಟರ್ನ್ ಪ್ರೊಸೆಸ್ ಆಗಿದೆ, ರೀಫಂಡ್ ಮಾತ್ರ ‘ಫೇಲ್ಡ್’ ಅಂತ ತೋರಿಸ್ತಿದೆ.

ನಮ್ಮ ಕಡೆ ಇದಕ್ಕೆ ಮುಖ್ಯ ಕಾರಣ ಇನಿಷಿಯಲ್. ಬ್ಯಾಂಕಿನಲ್ಲಿ ‘ಎಚ್. ಆರ್. ಸುಮಾ’, ಪ್ಯಾನ್‌ನಲ್ಲಿ ‘ಹಾಸನ ರಂಗಪ್ಪ ಸುಮಾ’, ಆಧಾರ್‌ನಲ್ಲಿ ‘ಸುಮಾ ಎಚ್ ಆರ್’ ಎಂದಿದ್ದರೆ ಯಂತ್ರಕ್ಕೆ ಮೂವರೂ ಬೇರೆ. ಪ್ಯಾನ್‌ನಲ್ಲಿ ಹೆಸರು ಬಿಡಿಸಿ ಬರೆಯಬೇಕಾದ್ದರಿಂದ ಈ ವ್ಯತ್ಯಾಸ ಹುಟ್ಟುತ್ತದೆ. ಬ್ಯಾಂಕಿಗೆ ಪ್ಯಾನ್ ಪ್ರತಿ ಕೊಟ್ಟು ಅಲ್ಲಿನ ಹೆಸರು ತಿದ್ದಿಸುವುದೇ ಸುಲಭ. ಆಮೇಲೆ ಪೋರ್ಟಲ್‌ನ ಮೈ ಪ್ರೊಫೈಲ್‌ನಲ್ಲಿ ಬ್ಯಾಂಕ್ ಖಾತೆಯನ್ನು ಮತ್ತೆ ವ್ಯಾಲಿಡೇಟ್ ಮಾಡಿ, ರೀಫಂಡ್ ರೀಇಶ್ಯೂ ಕೋರಿಕೆ ಹಾಕಿ. ಬ್ಯಾಂಕ್ ವಿಲೀನವಾಗಿ ಐಎಫ್‌ಎಸ್‌ಸಿ ಬದಲಾಗಿದ್ದರೂ ಹೀಗೇ ಆಗುತ್ತದೆ.

ಬೆಂಗಳೂರಿನ ಸಿಪಿಸಿಯಿಂದ (ಇಲಾಖೆ ರಿಟರ್ನ್ ಪ್ರೊಸೆಸ್ ಮಾಡುವ ಕೇಂದ್ರ) 143(1) ಅಂತ ಮೇಲ್ ಬಂದಿದೆ. ರೇಡ್ ಆಗುತ್ತಾ?

ಇಲ್ಲ. ಅದು ರಿಟರ್ನ್ ಹಾಕಿದ ಎಲ್ಲರಿಗೂ ಬರುವ ಲೆಕ್ಕಪತ್ರ. ಒಂದು ಕಾಲಂನಲ್ಲಿ ನೀವು ಕೊಟ್ಟ ಅಂಕಿ, ಪಕ್ಕದಲ್ಲಿ ಇಲಾಖೆಯ ಅಂಕಿ ಇರುತ್ತದೆ. ಎಲ್ಲಿ ಬೇರೆಯಾಗಿದೆಯೋ ಆ ಸಾಲನ್ನು ಹಿಡಿಯಿರಿ. ಟಿಡಿಎಸ್ ಕ್ಲೇಮ್ ಮಾಡಿ ಅದಕ್ಕೆ ಸಂಬಂಧಿಸಿದ ಬಡ್ಡಿ ತೋರಿಸದಿರುವುದೇ ಹೆಚ್ಚು ಕಾಣುವ ತಪ್ಪು. ನಿಮ್ಮ ಅಂಕಿಯನ್ನು ಬದಲಿಸುತ್ತೇವೆ ಎಂಬ ಸೂಚನೆಗೆ 30 ದಿನ, 139(9) ದೋಷಪೂರಿತ ರಿಟರ್ನ್ ನೋಟಿಸಿಗೆ 15 ದಿನದಲ್ಲಿ ಉತ್ತರಿಸಿ. ಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ; ಪೋರ್ಟಲ್‌ಗೆ ನೀವೇ ಹೋಗಿ ನೋಟಿಸಿನ ಡಿಐಎನ್ (ದಾಖಲೆಯ ಗುರುತಿನ) ಸಂಖ್ಯೆ ಹಾಕಿ ಅಸಲಿಯೇ ಎಂದು ನೋಡಿ.

ಅಪ್ಪ ನವೆಂಬರ್‌ನಲ್ಲಿ ತೀರಿಕೊಂಡರು. ಅವರ ರಿಟರ್ನ್ ಯಾರು ಹಾಕಬೇಕು?

ಏಪ್ರಿಲ್‌ನಿಂದ ತೀರಿಕೊಂಡ ದಿನದವರೆಗಿನ ಆದಾಯಕ್ಕೆ ವಾರಸುದಾರರೊಬ್ಬರು ಅವರ ಪ್ಯಾನ್‌ನಲ್ಲೇ ರಿಟರ್ನ್ ಹಾಕಬೇಕು. ವಾರಸುದಾರರು ತಮ್ಮ ಲಾಗಿನ್‌ನಲ್ಲಿ ಆಥರೈಸ್ಡ್ ಪಾರ್ಟ್‌ನರ್ಸ್ ಎಂಬಲ್ಲಿ ಪ್ರತಿನಿಧಿಯಾಗಿ ನೋಂದಾಯಿಸಿಕೊಳ್ಳಬೇಕು. ಮರಣ ಪ್ರಮಾಣಪತ್ರ, ಇಬ್ಬರ ಪ್ಯಾನ್, ವಾರಸುದಾರಿಕೆಯ ದಾಖಲೆ ಬೇಕು. ನಂತರದ ಬಡ್ಡಿ, ಬಾಡಿಗೆ ವಾರಸುದಾರರ ಆದಾಯ. ರೀಫಂಡ್ ಬರುವುದಿದ್ದರೆ ಅಪ್ಪನ ಖಾತೆ ಮುಚ್ಚುವ ಆತುರ ಬೇಡ, ಇಲ್ಲವೇ ವಾರಸುದಾರರ ಖಾತೆಯನ್ನು ಮೊದಲೇ ವ್ಯಾಲಿಡೇಟ್ ಮಾಡಿಡಿ. ಅವರ ಸಾಲ, ತೆರಿಗೆ ಬಾಕಿಗೆ ನಿಮ್ಮ ಹೊಣೆ ಅವರಿಂದ ಬಂದ ಆಸ್ತಿಯ ಮೊತ್ತದಷ್ಟೇ.

ಮೂರು ವರ್ಷದ ಹಿಂದಿನ ಆದಾಯ ತೋರಿಸೋದೇ ಮರೆತಿದ್ದೆ.

ಐಟಿಆರ್-ಯು (ಅಪ್‌ಡೇಟೆಡ್ ರಿಟರ್ನ್) ಹಾಕಿ. ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ಹಣಕಾಸು ವರ್ಷದ ಮರುವರ್ಷ) ಮುಗಿದ ಮೇಲೆ ನಾಲ್ಕು ವರ್ಷದವರೆಗೆ ಅವಕಾಶವಿದೆ. ತೆರಿಗೆ ಮತ್ತು ಬಡ್ಡಿಯ ಮೇಲೆ ಮೊದಲ ವರ್ಷ ಶೇ. 25, ಎರಡನೇ ವರ್ಷ ಶೇ. 50, ಮೂರನೇ ವರ್ಷ ಶೇ. 60, ನಾಲ್ಕನೇ ವರ್ಷ ಶೇ. 70 ಹೆಚ್ಚುವರಿ. ರೀಫಂಡ್ ಕೇಳಲು, ತೆರಿಗೆ ಇಳಿಸಲು ಇದನ್ನು ಬಳಸುವಂತಿಲ್ಲ. ಎಐಎಸ್‌ನಲ್ಲಿ ಆ ಆದಾಯ ಕಾಣುತ್ತಿದ್ದರೆ ನೋಟಿಸಿಗೆ ಕಾಯದೆ ಈ ತಿಂಗಳೇ ಕಟ್ಟಿ.